ಮಡಿಕೇರಿ ಸೊಳ್ಳೆ ದೊಡ್ಡದಾ ಸಾರ್?

ಅಭ್ಯಾಸ ಬೋಧನೆಯ ನನ್ನ ಆರನೇ ಪಾಠ ಕೌಲ್ ಬಜಾರಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಏಳನೇ ತರಗತಿಯಲ್ಲಿತ್ತು. ವಿಷಯ: ಹವಾಮಾನ ಮತ್ತು ಪ್ರಾಣಿಗಳ ಹೊಂದಾಣಿಕೆ. ಹಿಮಕರಡಿಯ ಚಿತ್ರ ತೂಗುಹಾಕಿ, ಶೀತ ಪ್ರದೇಶದ ಪ್ರಾಣಿಗಳ ದೇಹ ದೊಡ್ಡದಿರುತ್ತದೆ ಎಂದು ಹಲಗೆಯ ಮೇಲೆ ಬರೆದೆ. 1847ರಲ್ಲಿ ಜರ್ಮನಿಯ ಕಾರ್ಲ್ ಬರ್ಗ್‌ಮನ್ ಹೇಳಿದ ನಿಯಮ ಇದು. ದೇಹ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಭಾಗ ಕಡಿಮೆ. ಶಾಖ ಬೇಗ ಸೋರಿಹೋಗುವುದಿಲ್ಲ.

ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಹಂಗಾದ್ರೆ ಮಡಿಕೇರಿ ಸೊಳ್ಳೆ ನಮ್ಮ ಸೊಳ್ಳೆಗಿಂತ ದೊಡ್ಡದಿರ್ತೈತಾ ಸಾರ್?"

ತರಗತಿ ನಕ್ಕಿತು. ಹಿಂದೆ ಕುಳಿತ ಪರಿವೀಕ್ಷಕರು ತಲೆ ಎತ್ತಿದರು. ನಾನು ಗಾಬರಿಯಲ್ಲಿ, "ಹೌದು, ಮೈಯ ಶಾಖ ಉಳಿಸಿಕೊಳ್ಳಲು" ಎಂದುಬಿಟ್ಟೆ. ಪ್ರಶ್ನೆಗಳನ್ನು ಚೆನ್ನಾಗಿ ನಿಭಾಯಿಸಿದ್ದೀರಿ ಎಂಬ ಷರಾ ಬಂತು.

ಸಂಜೆ ಓಣಿಯಲ್ಲಿ ನಡೆದು ಬರುವಾಗ ಮನೆಮುಂದಿನ ನೀರಿನ ಡ್ರಮ್ಮೊಂದರಲ್ಲಿ ಸೊಳ್ಳೆಯ ಮರಿಗಳು ಬಾಲ ಮೇಲೆ ಮಾಡಿ ತೂಗಾಡುತ್ತಿದ್ದವು. ಅವನ್ನು ನೋಡಿದಾಗ ತಪ್ಪು ಹೊಳೆಯಿತು. ಸೊಳ್ಳೆ ಶೀತರಕ್ತದ ಜೀವಿ. ಉಳಿಸಿಕೊಳ್ಳಲು ಅದಕ್ಕೆ ಸ್ವಂತ ಶಾಖವೇ ಇಲ್ಲ, ನೀರಿನ ಬಿಸಿಯೇ ಮರಿಯ ಮೈಬಿಸಿ. ಕಾರಣ ಪೂರ್ತಿ ತಪ್ಪು ಹೇಳಿದ್ದೆ, ಅದಕ್ಕೆ ಮೆಚ್ಚುಗೆಯೂ ಸಿಕ್ಕಿತ್ತು.

ಆ ರಾತ್ರಿ ಓದಿದೆ. ಬಿಸಿ ನೀರಿನಲ್ಲಿ ಮರಿ ಬೇಗ ಬೆಳೆಯುತ್ತದೆ, ಆದರೆ ಅದಕ್ಕಿಂತ ಬೇಗ ಪ್ರಾಯಕ್ಕೆ ಬರುತ್ತದೆ. ಮೈ ತುಂಬುವ ಮೊದಲೇ ರೆಕ್ಕೆ ಬಂದುಬಿಡುತ್ತದೆ. 1994ರಲ್ಲಿ ಡೇವಿಡ್ ಅಟ್ಕಿನ್‌ಸನ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಹೀಗೇ ಕಂಡಿತ್ತು. ನೀರಿನ ಜೀವಿಗಳಲ್ಲಿ ಈ ಕುಗ್ಗುವಿಕೆ ಇನ್ನೂ ಜೋರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಕಿವಿರಿನಲ್ಲಿ ಉಸಿರಾಡುವ ಏರೋಪ್ಲೇನ್ ಚಿಟ್ಟೆಯ ಮರಿಗೆ ಇದು ಕಷ್ಟ. ಸೊಳ್ಳೆ ಮರಿಗೆ ಈ ಮಾತು ಹೊಂದುವುದಿಲ್ಲ. ಅದು ಬಾಲದ ಕೊಳವೆ ಎತ್ತಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ.

ಇಲ್ಲೂ ಒಂದು ತೊಡಕಿದೆ. ವರ್ಷಕ್ಕೆ ಒಂದೇ ಪೀಳಿಗೆ ಕಾಣುವ ಕೀಟಗಳಲ್ಲಿ ಲೆಕ್ಕ ಎಷ್ಟೋ ಸಲ ತಿರುವುಮುರುವು. ಚಳಿನಾಡಿನ ಬೇಸಿಗೆ ಚಿಕ್ಕದು, ಬೆಳೆಯಲು ಸಮಯ ಸಾಲದೆ ಅವು ಅಲ್ಲೇ ಸಣ್ಣದಾಗಿ ಉಳಿಯುತ್ತವೆ.

ಏಳನೇ ಪಾಠಕ್ಕೆ ಬೇರೆ ವಿಷಯವಿತ್ತು. ಆದರೂ ಮೊದಲ ಹತ್ತು ನಿಮಿಷ, "ನಾನು ಹೋದ ವಾರ ತಪ್ಪು ಹೇಳಿದೆ" ಎಂದು ಶುರುಮಾಡಿದೆ. ಧ್ವನಿ ನಡುಗುತ್ತಿತ್ತು, ಪರಿವೀಕ್ಷಕರು ಅಂದೂ ಹಿಂದೆಯೇ ಇದ್ದರು. ಮಕ್ಕಳಿಗೆ ಮಾತ್ರ ಖುಷಿಯೋ ಖುಷಿ.

ಪ್ರಯೋಗ ಮಾಡೋಣವೆಂದರು. ಒಂದು ಪ್ಲಾಸ್ಟಿಕ್ ಬಕೆಟ್, ಒಂದು ಮಣ್ಣಿನ ಗಡಿಗೆ, ಎರಡರಲ್ಲೂ ಅಷ್ಟೇ ನೀರು, ಅಷ್ಟೇ ಆಹಾರ, ಇಪ್ಪತ್ತಿಪ್ಪತ್ತು ಎಳೆ ಮರಿ. ಮರಿ ಹೆಚ್ಚಾಗಿ ಕಿಕ್ಕಿರಿದರೂ ಸೊಳ್ಳೆ ಸಣ್ಣದಾಗುತ್ತದೆ, ಅದಕ್ಕೇ ಎಣಿಕೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ನಿಂತ ನೀರು ಚೆಲ್ಲಿಸುವ ಊರಿನಲ್ಲಿ ನಾವು ಸೊಳ್ಳೆ ಸಾಕಲು ಹೊರಟಿದ್ದೆವು! ಎರಡಕ್ಕೂ ತೆಳು ಬಟ್ಟೆ ಬಿಗಿದು ಕಟ್ಟಿ, ಮುಖ್ಯಗುರುಗಳ ಒಪ್ಪಿಗೆ ಪಡೆದೆ. ಬಕೆಟಿನ ನೀರು ಮಧ್ಯಾಹ್ನ 32 ಡಿಗ್ರಿ ತೋರಿಸಿದರೆ ಗಡಿಗೆಯದು 26.

ಬಕೆಟಿನ ಸೊಳ್ಳೆಗಳು ಎರಡು ದಿನ ಮೊದಲೇ ರೆಕ್ಕೆ ಬಿಚ್ಚಿದವು. ರೆಕ್ಕೆಯ ಉದ್ದ ಅಳೆದರೆ ದೇಹದ ಗಾತ್ರ ಅಂದಾಜಾಗುತ್ತದೆ. ಗ್ರಾಫ್ ಹಾಳೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆವು. ವ್ಯತ್ಯಾಸ ಇದ್ದರೂ ಅರ್ಧ ಮಿಲಿಮೀಟರಿಗಿಂತ ಕಡಿಮೆ, ನಮ್ಮ ಹಾಳೆಗೆ ಸಿಗಲಿಲ್ಲ. ಮಕ್ಕಳು ಆಗಲೇ 'ಗಡಿಗೆಯದು ದೊಡ್ಡದು' ಎಂದು ಬರೆದುಕೊಂಡಿದ್ದರು. ಒಡೆಸಿದೆ. 'ತಡವಾಗಿ ಬಂತು, ಗಾತ್ರ ಅಳೆಯಲಾಗಲಿಲ್ಲ' ಎಂದು ಬರೆಸಿದಾಗ ಕೆಲವರ ಮುಖ ಸಪ್ಪಗಾಯಿತು, ನನ್ನದೂ.

ಅಷ್ಟರಲ್ಲಿ ಒಬ್ಬ ಹುಡುಗ ಕೇಳಿದ: "ಮಳೆ ಬಂದಾಗ ಲೈಟ್ ಕಂಬದ ಕೆಳಗೆ ಬೆರಳುದ್ದ ನೀರಿನ ಹುಳ ಬೀಳ್ತೈತಲ್ಲ ಸಾರ್, ನಮ್ಮ ಬಿಸಿಲಿಗೆ ಅದ್ಯಾಕೆ ಕುಗ್ಗಿಲ್ಲ?"

ಅದು ದೈತ್ಯ ನೀರುತಿಗಣೆ. ಅದನ್ನು ಸೊಳ್ಳೆಯ ಜೊತೆ ಹೋಲಿಸುವಂತಿಲ್ಲ, ಒಂದೇ ಜಾತಿಯೊಳಗೇ ಹೋಲಿಸಬೇಕು ಎಂದು ಹೇಳುತ್ತಿದ್ದಂತೆ ಗಂಟೆ ಹೊಡೆಯಿತು. ಷರಾ: ಸಮಯಪಾಲನೆ ಸಾಲದು. ಹುಡುಗಿ ಹೊರಗೆ ಹೋಗುವಾಗ ಗಡಿಗೆ ಮನೆಗೆ ಒಯ್ಯಲೇ ಎಂದು ಕೇಳಿದಳು. ಸೊಳ್ಳೆಗಲ್ಲ, ಕುಡಿಯುವ ನೀರಿಗೆ.