ಹೊಲದಡಿಯ ಬಂದಾ ರೂಪಾಯಿ

ನಮ್ಮ ಹೊಲದ ಹಳೆಯ ಖರೀದಿಪತ್ರದಲ್ಲಿ ಚಕ್ಕುಬಂದಿ ಮುಗಿದು ಸಾಕ್ಷಿದಾರರ ಸಹಿ ಬರುವ ಮುನ್ನ ಒಂದು ಉದ್ದ ಸಾಲಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟೂ ಹಕ್ಕುಗಳ ಸಮೇತ ಈ ಜಮೀನನ್ನು ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ, ಅಂತ. ಬರೆದ ಪುಣ್ಯಾತ್ಮ ಇದನ್ನು ತನಗೆ ಕಸುಬು ಕಲಿಸಿದವನಿಂದ ಬಾಯಿಪಾಠ ಮಾಡಿಕೊಂಡಿರಬೇಕು, ಅವನು ಇನ್ನೊಬ್ಬನಿಂದ. ಹಾಗೇ ಹಿಂದಕ್ಕೆ ಹೋದರೆ ವಿಜಯನಗರದ ಅರಸರು ಅಗ್ರಹಾರ ದಾನ ಕೊಡುವಾಗ ತಾಮ್ರಪಟದಲ್ಲಿ ಕೆತ್ತಿಸಿದ್ದೂ ಇದೇ ಅಷ್ಟಭೋಗ. ಬ್ಯಾಡಗಿ ತಾಲ್ಲೂಕಿನ ಮೆಣಸಿನಕಾಯಿ ಹೊಲ ನಮ್ಮದು. ಎಂಟರಲ್ಲಿ ಪಾಷಾಣ ಧಾರಾಳವಾಗಿದೆ. ಜಲಕ್ಕೆ ಅಂತ ಬೋರು ಹೊಡೆಸಿ ಸಾಲ ಬೆಳೆದಿದೆ. ಮೊದಲನೆಯದಾದ ನಿಧಿಯ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಆ ವಿಚಾರ ಎದ್ದದ್ದು ದುಬೈನ ಸತ್ವಾದಲ್ಲಿ, ಎರಡಂತಸ್ತಿನ ಮಂಚಗಳು ತುಂಬಿದ ಒಂದು ರೂಮಿನಲ್ಲಿ.

ಸತ್ವಾ ಬಲ್ಲವರಿಗೆ ಆ ರೂಮನ್ನು ವರ್ಣಿಸಬೇಕಿಲ್ಲ. ಹಳೆಯ ಒಂದಂತಸ್ತಿನ ವಿಲ್ಲಾ, ಒಳಗೆ ಪ್ಲೈವುಡ್ಡಿನ ಗೋಡೆಗಳು, ಅಂಗಳದಲ್ಲೊಂದು ಬೇವಿನ ಮರ. ಹೊರಗೆ ಬಂದರೆ ದರ್ಜಿ ಅಂಗಡಿಗಳು, ಕಾರಿನ ಸೀಟಿಗೆ ಕವರು ಹೊಲಿಯುವವರು, 1978ರಿಂದ ನಡೆಯುತ್ತಿರುವ ರವಿ ರೆಸ್ಟೋರೆಂಟಿನ ಪಾಕಿಸ್ತಾನಿ ಅಡುಗೆಯ ಘಮ. ತಲೆಯೆತ್ತಿದರೆ ಬುರ್ಜ್ ಖಲೀಫಾ. ಇಲ್ಲಿ ನಮ್ಮ ಸ್ವತ್ತು ಅಂದರೆ ಮಂಚದ ಕೆಳಗೆ ಸೂಟ್‌ಕೇಸ್ ಇಡುವಷ್ಟು ಜಾಗ. ಅಂಥ ಜಾಗದಲ್ಲಿ ನಮ್ಮ ರೂಮಿನ ಕುಂದಾಪುರದ ಹುಡುಗ ಒಂದು ಮೆಟಲ್ ಡಿಟೆಕ್ಟರ್ ತಂದಿಟ್ಟ. ಊರಿಗೆ ಶಾಶ್ವತವಾಗಿ ಹೊರಟಿದ್ದ ಯಾರೋ ಕಡಿಮೆ ಬೆಲೆಗೆ ಮಾರಿದ್ದರಂತೆ. ಕಡ್ಡಿಯ ತುದಿಗೊಂದು ಚಪ್ಪಟೆ ಬಳೆ, ಹಿಡಿಕೆಯ ಹತ್ತಿರ ಪುಟ್ಟ ಪರದೆ, ಕಿವಿಗೆ ಹೆಡ್‌ಫೋನು.

"ಅಣ್ಣಾ, ಊರಂಗೆ ನಿಮ್ಗೆ ಹೊಲ ಇತ್ತಲ್ದಾ? ಇದನ್ನ ತಕಂಡ್ ಹೋಯಿ ಒಂದ್ಸಲ ಕಾಂಬ" ಅಂದ.

ಕಾಣುವುದಕ್ಕೆ ಮೊದಲು ರೂಮಿನಲ್ಲೇ ಪರೀಕ್ಷೆ ಆಯಿತು. ಯಂತ್ರ ಬಾಯಿ ಮುಚ್ಚಲೇ ಇಲ್ಲ. ಬಳೆಯೊಳಗಿನ ತಂತಿಯ ಸುರುಳಿ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಹತ್ತಿರದ ಲೋಹದಲ್ಲಿ ಅದರಿಂದ ಸಣ್ಣ ವಿದ್ಯುತ್ ಸುಳಿಗಳೇಳುತ್ತವೆ. ಆ ಸುಳಿಗಳ ಮಾರ್ದನಿಯನ್ನು ಇನ್ನೊಂದು ಸುರುಳಿ ಹಿಡಿದು ಶಬ್ದ ಮಾಡುತ್ತದೆ. ಕಬ್ಬಿಣದ ಮಂಚಗಳ ನಡುವೆ ನಿಂತು ಅದು ಇನ್ನೇನು ಮಾಡೀತು? ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೂ ಇದೇ ಗತಿಯಾಗಿತ್ತು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಾಗಿದಾಗ, ದೇಹದೊಳಗೆ ಅದು ಎಲ್ಲಿದೆ ಅಂತ ಹುಡುಕಲು ಬೆಲ್ ಇಂಥದೇ ಯಂತ್ರ ಕಟ್ಟಿಕೊಂಡು ಹೋದ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದನ್ನು ದಾರಿ ತಪ್ಪಿಸಿದವು ಅನ್ನುತ್ತಾರೆ. ಗುಂಡು ಸಿಗಲಿಲ್ಲ, ಅಧ್ಯಕ್ಷರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕುಂದಾಪುರದವನಿಗೆ ಈ ಕಥೆ ಹೇಳಿದೆ. ಯಂತ್ರವನ್ನು ಮಂಚದಡಿ ಸೇರಿಸಿ, ಇಲ್ಲೇ ಹೊರಗೆ ಬಯಲಲ್ಲಿ ಆಡಿಸಿದರೆ ಹೇಗೆ ಅಂತ ಕೇಳಿದ.

ಬಯಲಿಗೇನೂ ಬರವಿಲ್ಲ. 2008ರಲ್ಲಿ ಸತ್ವಾದ ದೊಡ್ಡ ಭಾಗವನ್ನು ತೆಗೆದು ಜುಮೇರಾ ಗಾರ್ಡನ್ ಸಿಟಿ ಕಟ್ಟುತ್ತೇವೆಂದು ಘೋಷಣೆಯಾಯಿತು. ಮನೆಗಳು ಬಿದ್ದವು, ಜಗತ್ತಿನ ಹಣದ ಮಾರುಕಟ್ಟೆಯೂ ಆಗಲೇ ಬಿತ್ತು. ಯೋಜನೆ ನಿಂತಿತು, ಮನೆಗಳಿದ್ದಲ್ಲಿ ವರ್ಷಗಟ್ಟಲೆ ಮರಳು ಉಳಿಯಿತು. ಆದರೆ ಆ ಮರಳು ಯಾರದೋ ಸ್ವತ್ತು. ಈ ದೇಶದ ಪುರಾತತ್ವ ಕಾನೂನು 2017ರದು. ಅನುಮತಿಯಿಲ್ಲದೆ ಅಗೆಯುವ ಹಾಗಿಲ್ಲ, ನೆಲದಡಿಯ ಪ್ರಾಚೀನ ವಸ್ತು ಸರಕಾರದ್ದು. ವೀಸಾದ ಮೇಲೆ ಬದುಕುವವರು ಇಂಥ ವಿಷಯದಲ್ಲಿ ಸಾಹಸ ಮಾಡುವುದಿಲ್ಲ. ಯಂತ್ರ ಮಂಚದಡಿಯೇ ಇತ್ತು. ಬಯಲಿನ ಪಕ್ಕದಲ್ಲಿ ನಡೆಯುವಾಗ ಕೆಳಗೆ ಏನೇನು ಇದ್ದೀತು ಎಂದು ಲೆಕ್ಕ ಹಾಕುವ ಚಟ ಮಾತ್ರ ನಮಗಿಬ್ಬರಿಗೂ ಅಂಟಿತು.

ಮೇಲುಪದರದಲ್ಲಿ ದಿರ್ಹಮ್, ಅದು ಚಲಾವಣೆಗೆ ಬಂದದ್ದು 1973ರ ಮೇ ತಿಂಗಳಲ್ಲಿ. ಅದರ ಕೆಳಗೆ ಕತಾರ್ ಮತ್ತು ದುಬೈ ಸೇರಿ ಹೊರಡಿಸಿದ ರಿಯಾಲ್, 1966ರದು. ಅದಕ್ಕೂ ಕೆಳಗೆ? ನಮ್ಮ ರೂಪಾಯಿ. ಸತ್ವಾದ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, 1966ರವರೆಗೆ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ. ಮುತ್ತಿನ ವ್ಯಾಪಾರಿಗಳು ಲೆಕ್ಕ ಬರೆದದ್ದು ರೂಪಾಯಿಯಲ್ಲಿ. ಕಳ್ಳ ಬಂಗಾರಕ್ಕೆ ರೂಪಾಯಿ ಸೋರಿಹೋಗುತ್ತಿದೆ ಅಂತ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನ್ 6ರಂದು ದಿಲ್ಲಿಯವರು ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದರು, ಇಲ್ಲಿಯವರು ಸಾಕಪ್ಪ ನಿಮ್ಮ ಸಹವಾಸ ಅಂತ ರೂಪಾಯಿಯ ಕೈಬಿಟ್ಟರು. ಇಂದು ನಾವು ದಿರ್ಹಮಿಗೆ ಎಷ್ಟು ರೂಪಾಯಿ ಅಂತ ಬೆಳಗೆದ್ದು ಮೊಬೈಲ್ ನೋಡುತ್ತೇವಲ್ಲ, ಆ ಚಟದ ಬೇರು ಆ ಜೂನ್ ತಿಂಗಳಲ್ಲಿದೆ.

ಇನ್ನೂ ಕೆಳಗೆ ಹೋದರೆ 1780 ಎಂದೇ ಇಸವಿ ಹೊತ್ತ ಮಾರಿಯಾ ತೆರೇಸಾ ಬೆಳ್ಳಿ ನಾಣ್ಯ, ಸುಮಾರು 28 ಗ್ರಾಂ ತೂಕದ್ದು. ಆಸ್ಟ್ರಿಯಾದ ರಾಣಿ ಸತ್ತ ಮೇಲೂ ಅದೇ ಇಸವಿಯಲ್ಲಿ ಅಚ್ಚಾಗುತ್ತಲೇ ಇತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿ ಟಂಕಶಾಲೆಯಲ್ಲೂ ಅಚ್ಚಾಯಿತು. ಅದರಾಚೆಗೆ ಲಾರಿ: ಬೆಳ್ಳಿ ತಂತಿಯನ್ನು ಹೆಂಗಸರ ಹೇರ್‌ಪಿನ್ನಿನ ಹಾಗೆ ಮಡಚಿ ಮುದ್ರೆ ಒತ್ತಿದ ನಾಣ್ಯ. ಹೆಸರು ಪರ್ಷಿಯಾದ ಲಾರ್ ಪಟ್ಟಣದ್ದು. ಬಿಜಾಪುರದ ಎರಡನೆಯ ಅಲಿ ಆದಿಲ್‌ಶಾಹನ ಹೆಸರಿನಲ್ಲೂ ಲಾರಿಗಳಿವೆ. ಕೊಲ್ಲಿಯ ಕುದುರೆ ಆ ಕಡೆಗೆ, ನಮ್ಮ ಅಕ್ಕಿ ಮೆಣಸು ಈ ಕಡೆಗೆ ಹೋಗುತ್ತಿದ್ದ ಕಾಲದ ದುಡ್ಡು. ಮತ್ತೂ ಹಳೆಯದು ಬೇಕೆಂದರೆ ಶಾರ್ಜಾದ ಮ್ಲೇಹಾಕ್ಕೆ ಹೋಗಬೇಕು. 2021ರಲ್ಲಿ ಅಲ್ಲಿ ಒಂದು ಮಡಕೆಯಲ್ಲಿ 409 ಬೆಳ್ಳಿ ನಾಣ್ಯ ಸಿಕ್ಕವು, ಅಲೆಕ್ಸಾಂಡರನ ನಾಣ್ಯ ಮತ್ತು ಅದನ್ನು ನೋಡಿ ಸ್ಥಳೀಯರು ಹೊಡೆದವು. ಸಿಕ್ಕಿದ್ದು ಪುರಾತತ್ವದವರಿಗೆ, ಕ್ರಮವಾಗಿ ಅಗೆಯುವಾಗ. ಅದಕ್ಕೇ ಇವತ್ತು ಅದರ ಕಥೆ ಹೇಳಲು ಬರುತ್ತದೆ; ರಾತ್ರಿ ಟಾರ್ಚು ಹಿಡಿದವನ ಕೈಗೆ ಸಿಕ್ಕಿದ್ದರೆ ಅದು ಬರೀ ಬೆಳ್ಳಿ.

ನಮ್ಮ ಹೊಲದ ವಿಷಯಕ್ಕೆ ಬರೋಣ. ಅಲ್ಲಿ ಇದ್ದರೆ ಇರಬೇಕಾದ್ದು ಬಂದಾ ರೂಪಾಯಿ. ಒಂದು ತೊಲ ತೂಕ, 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ರಾಣಿ ಛಾಪಾ, ಬೋಳುತಲೆ ಎಡ್ವರ್ಡ್, ಕಿರೀಟದ ಜಾರ್ಜ್. ಜಾರ್ಜ್ ದೊರೆಯ 1911ರ ರೂಪಾಯಿಗೊಂದು ತಮಾಷೆಯ ಚರಿತ್ರೆಯಿದೆ: ನಿಲುವಂಗಿಯ ಮೇಲೆ ಕೆತ್ತಿದ್ದ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು, ಗಲಾಟೆಯಾಗಿ, ಮರುವರ್ಷ ಆನೆಗೆ ಸರಿಯಾದ ಸೊಂಡಿಲು ಕೊಡಬೇಕಾಯಿತು. 1918ರ ರೂಪಾಯಿ ಸಿಕ್ಕರೆ ಅದು ಅಮೆರಿಕದ್ದೇ ಆಗಿರಬಹುದು. ಮೊದಲ ಯುದ್ಧದಲ್ಲಿ ಇಂಡಿಯಾದ ಖಜಾನೆಯಲ್ಲಿ ಬೆಳ್ಳಿ ಬರಿದಾಗಿ, ಅಮೆರಿಕ ತನ್ನ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿ ಬ್ರಿಟಿಷರಿಗೆ ಮಾರಿತು. ಆ ಡಾಲರು ಮುಂಬಯಿ, ಕಲಕತ್ತಾಗಳಲ್ಲಿ ರೂಪಾಯಿಯಾಗಿ, ಹತ್ತಿ ಮಾರಿದ ನಮ್ಮ ಕಡೆಯ ರೈತನ ಧೋತರದ ಗಂಟಿಗೆ ಬಂದಿರಲು ಸಾಕು. 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, ಆಮೇಲೆ ಹಳೆಯ ರೂಪಾಯಿಗಳನ್ನು ಸರಕಾರ ವಾಪಸು ಕೇಳಿತು. ಕೇಳಿದ ಕೂಡಲೇ ಕೊಡುವ ಜನವೇ ನಮ್ಮವರು! ಜೋಳ ತುಂಬುವ ಹಗೇವಿನ ತಳಕ್ಕೆ, ಒಲೆಯ ಮಗ್ಗುಲಿಗೆ, ದನದ ಕೊಟ್ಟಿಗೆಯ ಗೂಟದ ಬುಡಕ್ಕೆ ಗಡಿಗೆಗಳು ಇಳಿದವು. ಲಂಬಾಣಿ ಹೆಂಗಸರು ಮಾತ್ರ ಹೂಳುವ ಗೋಜಿಗೇ ಹೋಗದೆ ರವಿಕೆಗೆ, ಮುಸುಕಿಗೆ ಹೊಲಿದುಕೊಂಡು ಬಿಸಿಲಲ್ಲೇ ಇಟ್ಟರು. ಬ್ಯಾಂಕಿಲ್ಲದ ಊರಿನಲ್ಲಿ ಅವರಷ್ಟು ಪಾರದರ್ಶಕ ಖಾತೆ ಇನ್ನಾರದೂ ಇರಲಿಲ್ಲ.

ಹಾಗಾದರೆ ಅಗೆದರೆ ಸಿಕ್ಕೀತಲ್ಲ ಅಂತ ಹುಡುಗ ಕಣ್ಣರಳಿಸಿದ. ಇಲ್ಲೇ ನನಗೆ ದುಬೈ ಅಡ್ಡ ಬರುತ್ತದೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಹತ್ತು ತೊಲದ ಬಂಗಾರದ ಬಿಸ್ಕತ್ತುಗಳು ಈ ದೇರಾದ ಕ್ರೀಕಿನಿಂದ ಮರದ ದೌಗಳಲ್ಲಿ ಹೊರಟು ನಮ್ಮ ಪಶ್ಚಿಮ ಕರಾವಳಿಗೆ ಇಳಿಯುತ್ತಿದ್ದವು. ಅದಕ್ಕೆ ದುಡ್ಡು ಹೇಗೆ ಕೊಡುತ್ತಿದ್ದರು? ಬಹಳಷ್ಟನ್ನು ಬೆಳ್ಳಿಯಲ್ಲಿ. ಹಳ್ಳಿಹಳ್ಳಿಯ ಪತ್ತಾರರ ಮೂಸೆಯಲ್ಲಿ ಕರಗಿದ ರೂಪಾಯಿ, ಕಡಗ, ಕಾಲುಂಗುರ ಎಲ್ಲ ಗಟ್ಟಿಯಾಗಿ ಮುಂಬಯಿ ಕಡೆ ಸಾಗಿ, ಖಾಲಿ ಹೋಗಬೇಕಾದ ಅದೇ ದೌಗಳಲ್ಲಿ ಇತ್ತ ಬಂತು. ಬಂದು ಲಂಡನ್ನಿಗೆ ಹೋಯಿತು. ನಮ್ಮ ಹೊಲದಡಿಯ ಗಡಿಗೆ ಅಂತ ಒಂದು ಇದ್ದರೂ, ಮಗಳ ಮದುವೆಗೋ ಎತ್ತಿನ ಜೋಡಿಗೋ ಎಂದೋ ಮೇಲೆದ್ದು, ನನಗಿಂತ ಮೊದಲೇ ವೀಸಾ ಇಲ್ಲದೆ ದುಬೈ ನೋಡಿಕೊಂಡು ಹೋಗಿದೆ ಅಂತ ನನ್ನ ಅನುಮಾನ.

ಇಂಗ್ಲೆಂಡಿನಲ್ಲಿ ಇದು ರಜಾದಿನದ ಹವ್ಯಾಸ. ರೈತನ ಅನುಮತಿ ಕೇಳಿ, ಕೊಯ್ಲಾದ ಹೊಲದಲ್ಲಿ ಬಳೆ ಆಡಿಸುತ್ತಾರೆ. ಸಿಕ್ಕಿದ್ದು ನಿಧಿಯೆನಿಸಿದರೆ 1996ರ ಕಾಯ್ದೆಯ ಪ್ರಕಾರ ಅಧಿಕಾರಿಗೆ ತಿಳಿಸುತ್ತಾರೆ; ವಸ್ತುಸಂಗ್ರಹಾಲಯ ಕೊಂಡುಕೊಂಡರೆ ಬಂದ ಹಣದಲ್ಲಿ ಸಾಮಾನ್ಯವಾಗಿ ರೈತನಿಗೆ ಅರ್ಧ, ಹುಡುಕಿದವನಿಗೆ ಅರ್ಧ. ಬ್ರಿಟಿಷರು ನಮಗೆ 1878ರಲ್ಲೇ ಒಂದು ನಿಧಿ ಕಾಯ್ದೆ ಮಾಡಿಕೊಟ್ಟಿದ್ದರು. ಹತ್ತು ರೂಪಾಯಿ ಮೀರಿದ್ದು ಸಿಕ್ಕರೆ ಕಲೆಕ್ಟರಿಗೆ ಹೇಳಬೇಕು. ಬೇರೆ ಹಕ್ಕುದಾರರಿಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು, ಜಮೀನಿನವನಿಗೆ ಕಾಲು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕೂಲಿಯವನಿಗೆ ಮುಕ್ಕಾಲು, ಸಾಹುಕಾರನಿಗೆ ಕಾಲು! ಅಂಥ ಪಾಲು ನಮ್ಮ ಊರಲ್ಲಿ ಬೇರೆ ಯಾವ ಕಾಗದದಲ್ಲೂ ನಾನು ಕಂಡಿಲ್ಲ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಖರೀದಿಪತ್ರ ನಿಧಿ ನಿಕ್ಷೇಪ ನಿನ್ನದು ಅನ್ನುತ್ತದೆ, ಕಾಯ್ದೆ ಮೊದಲು ಜಿಲ್ಲಾಧಿಕಾರಿಯ ಮುಂದೆ ತಂದಿಡು ಅನ್ನುತ್ತದೆ. ಇನ್ನು ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಅದು 1972ರ ಕಾಯ್ದೆ. 1918ರ ರೂಪಾಯಿ ಅಮೆರಿಕದಿಂದ ಬಂದಿದ್ದರೂ ಸರಿ, ಸತ್ವಾಕ್ಕೆ ಬರುವಂತಿಲ್ಲ.

ಕಾನೂನು ಹೇಗೋ ಸಂಭಾಳಿಸಬಹುದು, ಊರ ಕಣ್ಣನ್ನಲ್ಲ. ದುಬೈನಿಂದ ಬಂದವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಹೊಲದಲ್ಲಿ ಕೋಲು ಆಡಿಸುತ್ತ ನಡೆದರೆ, ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಏಳು ಕೊಪ್ಪರಿಗೆ ಹೊನ್ನು ಎದ್ದಿರುತ್ತದೆ. ಪಕ್ಕದ ಅಕ್ಕಿಆಲೂರಿನಲ್ಲಿ ರೋಮಿನ ಬಂಗಾರದ ನಾಣ್ಯ ಸಿಕ್ಕದ್ದು ನಮ್ಮ ಕಡೆ ಬಲ್ಲವರೆಲ್ಲ ಬಲ್ಲರು. ರಾತ್ರಿ ಯಾರಾದರೂ ಬಂದು ಬದುವಿನ ಕರಿಯಮ್ಮನ ಕಲ್ಲನ್ನು ಕಿತ್ತು ನೋಡದೆ ಬಿಟ್ಟಾರೆಯೇ? ಅಂಜನ ಹಾಕುವವರು ಬರುತ್ತಾರೆ, ನಿಂಬೆಹಣ್ಣು ಬರುತ್ತದೆ, ಕೋಳಿ ಬರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಕೆಡವಿದರು. ಯತಿಗಳ ಸಮಾಧಿಯಲ್ಲಿ ದುಡ್ಡು ಹುಡುಕುವವರಿಗೆ ನಮ್ಮ ಬದುವಿನ ದೇವರು ಯಾವ ಲೆಕ್ಕ. ಯಂತ್ರಕ್ಕಿಂತ ನನಗೆ ಈ ಹಸಿವೇ ಹೆಚ್ಚು ಹೆದರಿಕೆ.

ಅಷ್ಟಾದ ಮೇಲೂ ಸಿಗುವುದೇನು? ಎತ್ತಿನ ಲಾಳ, ಲಾಳದ ಮೊಳೆ, ಮುರಿದ ಕುಡಗೋಲು, ಬಂಡಿಚಕ್ರದ ಹಳಿಯ ಚೂರು. ಅವೂ ಈಗ ಕಡಿಮೆ. ಟ್ರ್ಯಾಕ್ಟರು ಬಂದ ಮೇಲೆ ನಟ್ಟು ಬೋಲ್ಟು. ಬೆಳ್ಳಿಯಂತೆ ಒಳ್ಳೆಯ ಎತ್ತರದ ಸ್ವರ ಕೊಟ್ಟು ಮೋಸ ಮಾಡುವುದು ಅಲ್ಯುಮಿನಿಯಮ್ಮು, ಅದರಲ್ಲೂ ಡಬ್ಬಿ ಮುಚ್ಚಳ. ಜೊತೆಗೆ ಬದುವಿನುದ್ದಕ್ಕೂ ಹೂತಿರುವ ಸಾರಾಯಿ ಟೆಟ್ರಾ ಪ್ಯಾಕೆಟ್ಟಿನೊಳಗಿನ ಹಾಳೆ ಬೇರೆ ಕಿರುಗುಡುತ್ತದೆ. ಇನ್ನು ಹುಡುಗನ ಊರಿನ ಜಂಬಿಟ್ಟಿಗೆ ನೆಲದಲ್ಲಂತೂ ಮಣ್ಣೇ ಕಬ್ಬಿಣ, ಯಂತ್ರ ಸುಮ್ಮನೆ ನಿಂತರೂ ಗೊಣಗುತ್ತದೆ.

ಇಷ್ಟೆಲ್ಲ ತೀರ್ಮಾನವಾದ ಮೇಲೆ ಒಂದು ಶುಕ್ರವಾರ ಊರಿಗೆ ಫೋನು ಮಾಡಿದಾಗ ಮಾತಿಗೆ ಮಾತು ಬಂದು ಕಾಕಾಗೆ ಯಂತ್ರದ ಸುದ್ದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.

"ಖರೇನೇ ನೆಲದಾಗಿನ ಕಬ್ಬಿಣ ತೋರಸ್ತೈತೇನು?"

"ತೋರಸ್ತೈತಿ ಕಾಕಾ, ಒಂದೀಟು ಮ್ಯಾಲಿದ್ರ."

"ಹಂಗಾದ್ರ ಬರೂಮುಂದ ತಗೊಂಡ್ ಬಾರೋ ತಮ್ಮಾ. ನಿಮ್ಮಪ್ಪ ಬಾವಿಯಿಂದ ಮ್ಯಾಲಿನ ಪಟ್ಟಿಗೆ ಪೈಪ್ ಹುಗಿಸಿದ್ನಲ್ಲ, ಎಲ್ಲಿ ತಿರುವ್ಯಾನ ಅಂತ ಅವಗಷ್ಟ ಗೊತ್ತಿತ್ತು. ವಾಲ್ ಒಂದ್ ಸಿಕ್ರ ಈ ಸಲ ಮೆಣಸಿನಗಿಡ ಉಳೀತಾವ."

ಸ್ಪೀಕರಿನಲ್ಲಿ ಕೇಳುತ್ತಿದ್ದ ಹುಡುಗ ಮಂಚದಡಿಯಿಂದ ಯಂತ್ರ ಎಳೆದ. ಮೊಳೆಗಳ ಕಾಟ ಬೇಡವೆಂದು ಕಬ್ಬಿಣ ಕೇಳಿಸದ ಹಾಗೆ ಇಟ್ಟಿದ್ದ ಸೆಟ್ಟಿಂಗನ್ನು ತೆಗೆದುಹಾಕಿ, ಪೈಪು ಎರಡು ಇಂಚಿನದೋ ಮೂರು ಇಂಚಿನದೋ ಕೇಳಿ ಅಣ್ಣಾ ಅಂದ.