ನಮ್ಮ ಟ್ರ್ಯಾಕ್ಟರು ಗೊಣಗಿದ ಕಥೆ

ಚೆನ್ನೈಯಲ್ಲಿ ವಾಸವಾಗಿದ್ದುಕೊಂಡು ಟ್ರ್ಯಾಕ್ಟರಿನ ಮಾತೆತ್ತಿದರೆ ಸಂಘದ ಗೆಳೆಯರು ನಗುತ್ತಾರೆ. ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ ಇಡುವುದಕ್ಕೇ ಪಕ್ಕದ ಮನೆಯವರ ಅನುಮತಿ ಬೇಕಾದ ಊರಿನಲ್ಲಿ ಉಳುಮೆಯ ಮಾತೇ! ಆದರೆ ನಾವು ಅಣ್ಣತಮ್ಮಂದಿರಿಗೆ ಪೊನ್ನೇರಿಯ ಆಚೆ, ಆರಣಿ ಹೊಳೆಯ ಬಯಲಿನಲ್ಲಿ, ಸ್ವಲ್ಪ ಗದ್ದೆಯುಂಟು. ನಮ್ಮ ತಂದೆಯವರು ನಿವೃತ್ತಿಯ ಹಣದಲ್ಲಿ ಕೊಂಡದ್ದು. ಗುಮ್ಮಿಡಿಪೂಂಡಿಯ ಲೋಕಲ್ ರೈಲು ಹತ್ತಿ ಪೊನ್ನೇರಿಯಲ್ಲಿಳಿದು, ಅಲ್ಲಿಂದ ಆಟೋದಲ್ಲಿ ಮೈಕೈ ನೋಯಿಸಿಕೊಂಡರೆ ಗದ್ದೆ ಸಿಗುತ್ತದೆ. ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ನಮ್ಮ ಕೆಂಪು ಮ್ಯಾಸ್ಸಿ ಫರ್ಗ್ಯುಸನ್ 1035 ನಿಂತಿರುತ್ತದೆ. ತಂದೆಯವರು 1983ರಲ್ಲಿ ತಂದದ್ದು. ಅವರು ಹೋದರು, ಅದು ಇದೆ.

ಇದು ಮದರಾಸಿನಲ್ಲೇ ಹುಟ್ಟಿದ ಯಂತ್ರ ಎಂಬುದು ತಂದೆಯವರಿಗೆ ಒಂದು ಹೆಮ್ಮೆ. 1960ರಲ್ಲಿ ಇಲ್ಲಿ ಪ್ರಾರಂಭವಾದ ಟಾಫೆ ಕಂಪನಿಯ ಸೆಂಬಿಯಂ ಕಾರ್ಖಾನೆಯಿಂದ ಬಂದದ್ದು. ಅದರ ಮೂರು ಸಿಲಿಂಡರಿನ ಎಂಜಿನ್ನು ಸಿಂಪ್ಸನ್ನಿನವರದು, ಮೂಲದಲ್ಲಿ ಇಂಗ್ಲೆಂಡಿನ ಪರ್ಕಿನ್ಸ್ ವಂಶದ್ದು. ಟ್ರ್ಯಾಕ್ಟರಿನ ವಂಶವಾದರೋ 1956ರಲ್ಲಿ ಹೊರಬಂದ ಫರ್ಗ್ಯುಸನ್ 35ರದು. ಹ್ಯಾರಿ ಫರ್ಗ್ಯುಸನ್ ಎಂಬ ಐರ್ಲೆಂಡಿನ ಮಹಾಶಯ, ನೇಗಿಲನ್ನು ಹಿಂದೆ ಕಟ್ಟಿ ಎಳೆಯುವುದರ ಬದಲು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೇ ಅಂಗವಾಗಿ ಸೇರಿಸಿ, ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಉಪಾಯ ಕಂಡುಹಿಡಿದ. ಆ ಎಣ್ಣೆಯ ಪಂಪು ಟ್ರ್ಯಾಕ್ಟರಿನ ಹೊಟ್ಟೆಯೊಳಗೇ ಇದೆ. ಗೇರು, ಪಂಪು, ಹಿಂದಿನ ಆಕ್ಸಲು ಎಲ್ಲಕ್ಕೂ ಒಂದೇ ಎಣ್ಣೆ, ಸುಮಾರು 30 ಲೀಟರು. ಅವಿಭಕ್ತ ಕುಟುಂಬದ ಅಡಿಗೆಮನೆಯಿದ್ದ ಹಾಗೆ. ಒಂದು ಕಡೆ ಹಾಳಾದರೆ ಎಲ್ಲರ ಊಟಕ್ಕೂ ಸಂಚಕಾರ. ಈ ಸಂಗತಿ ನಮಗೆ ಆಗ ತಿಳಿದಿರಲಿಲ್ಲ.

2024ರ ಬೇಸಗೆಯಲ್ಲಿ ಟ್ರ್ಯಾಕ್ಟರು ಗೊಣಗಲು ಶುರುಮಾಡಿತು. ಸುಮ್ಮನೆ ನಿಂತಿದ್ದರೂ ಹೊಟ್ಟೆಯೊಳಗೆ ‘ಕರಕರ’ ಎಂದು ಒಂದು ಸದ್ದು, ಅದರ ಮೇಲೆ ‘ಗುಂಯ್’ ಎಂದು ಇನ್ನೊಂದು. ಜೊತೆಗೆ ಎಂಜಿನ್ನಿನ ಆಯಿಲ್ ಪ್ರೆಷರ್ ತೋರಿಸುವ ಮುಳ್ಳು ಬಿಸಿಯೇರಿದ ಮೇಲೆ ತಳಕ್ಕೆ ಬಿದ್ದು ಮಲಗುತ್ತಿತ್ತು. ಹೆದ್ದಾರಿಯ ಪಕ್ಕದ ಒಂದು ವರ್ಕ್‌ಶಾಪಿನವರನ್ನು ಕರೆಸಿದೆವು. ಅವರು ಎರಡು ನಿಮಿಷ ಕಿವಿಗೊಟ್ಟು, ಗೇರಿನ ಹಲ್ಲೆಲ್ಲ ಹೋಗಿದೆ, ಕ್ರ್ಯಾಂಕ್ ಸವೆದಿದೆ, ಎರಡನ್ನೂ ಬಿಚ್ಚಬೇಕು ಎಂದು ಒಂದು ಲಕ್ಷದ ಮೇಲೆ ಅಂದಾಜು ಬರೆದುಕೊಟ್ಟರು. ಹೋಗುವಾಗ ಒಂದು ಮಾತು ಸೇರಿಸಿದರು: “ಡ್ರೈವರ್ ಕ್ಲಚ್ ಒತ್ತದೆ ಗೇರ್ ತುರುಕಿದ್ದಾನೆ.”

ನಮ್ಮ ಡ್ರೈವರು ತಂದೆಯವರ ಕಾಲದವನು. ಇಪ್ಪತ್ತೆಂಟು ವರ್ಷ ಆ ಸೀಟಿನ ಮೇಲೆ ಕೂತವನು. ನಾವು ಅವನನ್ನು ಕರೆದು ಏನೇನು ಹೇಳಿದೆವೋ ಅದನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವನು ವಾದಿಸಲಿಲ್ಲ. ಹೆಗಲ ಮೇಲಿನ ಟವೆಲನ್ನು ಕೊಡವಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆದುಬಿಟ್ಟ.

ಟ್ರ್ಯಾಕ್ಟರನ್ನು ಗುಜರಿಗೆ ಹಾಕುವುದೆಂದು ನಮ್ಮೊಳಗೆ ಮಾತಾಯಿತು. ಆ ಮೇಲೆ ಸಂಘದ ಸಭೆಯೊಂದರಲ್ಲಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಈ ಗೋಳನ್ನು ಹೇಳಿಕೊಳ್ಳುತ್ತಿದ್ದಾಗ, ಪೆರಂಬೂರಿನಲ್ಲಿರುವ ಹಿರಿಯರೊಬ್ಬರು ಕೇಳಿಸಿಕೊಂಡರು. ಮೂಲತಃ ಹಾಸನದ ಕಡೆಯವರು, ಯಂತ್ರಗಳ ನಡುವೆ ಆಯುಷ್ಯ ಕಳೆದು ನಿವೃತ್ತರಾದವರು. ಹೆಸರು ಹಾಕಕೂಡದೆಂದು ತಾಕೀತು ಮಾಡಿದ್ದಾರೆ. “ಎಣ್ಣೆ ನೋಡಿದಿರಾ?” ಎಂದರು. ಕಡಿಮೆಯಾಗಿಲ್ಲ, ಅಳತೆ ಕಡ್ಡಿಯಲ್ಲಿ ಮೇಲಿನ ಗೆರೆಗಿಂತಲೂ ಮೇಲಿದೆ ಎಂದೆವು, ಸ್ವಲ್ಪ ಹೆಮ್ಮೆಯಿಂದಲೇ. ಅವರು ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿದರು. “ಮೇಲಿದೆಯೇ? ಎಂಜಿನ್ನು ಎಣ್ಣೆ ಕುಡಿಯುವುದುಂಟು. ಎಣ್ಣೆ ಹೆರುವುದನ್ನು ನಾನು ಕಂಡಿಲ್ಲ.”

ಆಗ ನಮಗೆ ನೆನಪಾಯಿತು. ಮಾರ್ಚಿಯಲ್ಲೋ ಏನೋ ನಮ್ಮ ಡ್ರೈವರು ಫೋನು ಮಾಡಿ, “ಆಯಿಲ್ ಏರುದು ಸಾರ್” ಎಂದಿದ್ದ. ಎಣ್ಣೆ ಏರುತ್ತಿದೆಯಂತೆ! ಹಾಗಿದ್ದರೆ ಹಿಂಡಿ ಮಾರೋಣ ಎಂದು ತಮಾಷೆ ಮಾಡಿ ಫೋನಿಟ್ಟಿದ್ದೆವು.

ಮುಂದಿನ ಭಾನುವಾರ ಹಿರಿಯರು ನಮ್ಮ ಜೊತೆ ರೈಲು ಹತ್ತಿದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಒಂದು ಉದ್ದನೆಯ ಸ್ಕ್ರೂಡ್ರೈವರು, ತಮ್ಮದೇ ಒಂದು ಪ್ರೆಷರ್ ಗೇಜು, ಒಂದು ಹಳೆಯ ದಿನಪತ್ರಿಕೆ, ಎರಡು ಬಾಳೆಹಣ್ಣು. ಇಷ್ಟೇ.

ಮೊದಲು ಎಂಜಿನ್ನು. ಆಯಿಲ್ ಪ್ರೆಷರ್ ಎಂಬುದೇನೆಂದು ನಮಗೆ ತಿಳಿಸಿಕೊಟ್ಟ ಬಗೆ ಹೀಗೆ: ತೋಟದ ರಬ್ಬರ್ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ನೀರು ಚಿಮ್ಮುತ್ತದೆ, ಬೆರಳು ತೆಗೆದರೆ ಸುಮ್ಮನೆ ಸುರಿಯುತ್ತದೆ. ಪಂಪು ಎಣ್ಣೆಯನ್ನು ತಳ್ಳುತ್ತದೆಯೇ ಹೊರತು ಒತ್ತಡವನ್ನು ಮಾಡುವುದು ಬೇರಿಂಗುಗಳ ಇಕ್ಕಟ್ಟು. ಬೇರಿಂಗು ಸವೆದು ಸಂದು ದೊಡ್ಡದಾದರೂ ಒತ್ತಡ ಬೀಳುತ್ತದೆ, ಎಣ್ಣೆಯೇ ನೀರಾದರೂ ಬೀಳುತ್ತದೆ. ಮುಳ್ಳಿಗೆ ಎರಡೂ ಒಂದೇ. ಆದ್ದರಿಂದ ಮುಳ್ಳು ಬಿತ್ತೆಂದು ಕ್ರ್ಯಾಂಕು ಬಿಚ್ಚುವವನು ವೈದ್ಯನಲ್ಲ, ಕಟುಕ. (ಇದು ಅವರದೇ ಮಾತು. ನಾವು ಜವಾಬ್ದಾರರಲ್ಲ.)

ತಮ್ಮ ಗೇಜನ್ನು ಎಂಜಿನ್ನಿಗೇ ನೇರವಾಗಿ ತಿರುಗಿಸಿ ಅರ್ಧ ಗಂಟೆ ಓಡಿಸಿದರು. ಈ ಎಂಜಿನ್ನು ಬಿಸಿಯಾಗಿ ವೇಗದಲ್ಲಿದ್ದಾಗ ಚದರಂಗುಲಕ್ಕೆ 30 ಪೌಂಡಾದರೂ ಇರಬೇಕಂತೆ. ನಮ್ಮದು 18 ತೋರಿಸಿತು. ಅಂದರೆ ಡ್ಯಾಷ್‌ಬೋರ್ಡಿನ ಮುಳ್ಳು ಸುಳ್ಳು ಹೇಳಿರಲಿಲ್ಲ. ಎಂಜಿನ್ನು ನಿಲ್ಲಿಸಿ, ಕಡ್ಡಿಯನ್ನು ಎಳೆದು ಮೂಸಿದರು. ನಮ್ಮ ಮೂಗಿಗೂ ಹಿಡಿದರು. ಡೀಸೆಲ್ ವಾಸನೆ! ಪತ್ರಿಕೆಯ ಮೇಲೆ ಒಂದು ಹನಿ ಬಿಟ್ಟರು. ನಡುವೆ ಕಪ್ಪು ಬೊಟ್ಟು ನಿಂತು, ಸುತ್ತ ತೆಳ್ಳನೆಯ ಬಳೆಯೊಂದು ಹರಡುತ್ತಲೇ ಹೋಯಿತು. ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿರುವ ಪುಟ್ಟ ಡೀಸೆಲ್ ಪಂಪಿನೊಳಗೆ ಒಂದು ಪೊರೆಯಿರುತ್ತದೆ, ಡಯಾಫ್ರಾಮ್ ಎನ್ನುತ್ತಾರೆ. ಅದು ಹರಿದು, ಡೀಸೆಲು ಹನಿಹನಿಯಾಗಿ ಎಣ್ಣೆಗೆ ಸೇರುತ್ತಿತ್ತು. ಎಣ್ಣೆ ಏರಿದ್ದು ಹಾಗೆ. ಸುಮಾರು ಏಳು ಲೀಟರು ಇರಬೇಕಾದಲ್ಲಿ ಒಂಬತ್ತು ಲೀಟರು ಇಳಿಯಿತು. ಇನ್ನೊಂದು ತಿಂಗಳು ಹಾಗೆಯೇ ಓಡಿಸಿದ್ದರೆ ಬೇರಿಂಗು ಸುಟ್ಟು ಆ ವರ್ಕ್‌ಶಾಪಿನವರ ಮಾತು ನಿಜವಾಗುತ್ತಿತ್ತು. ಹೊಸ ಪೊರೆಗೆ ಆದ ಖರ್ಚು, ನಾಲ್ಕು ಜನ ಹೋಟೆಲಿನಲ್ಲಿ ಟಿಫನ್ನು ತಿಂದಷ್ಟು. ಹೊಸ ಎಣ್ಣೆ ತುಂಬಿ ಓಡಿಸಿದಾಗ ಅದೇ ಗೇಜು ಬಿಸಿಯಲ್ಲೂ 38 ತೋರಿಸಿತು.

ಗೇರಿನ ಸದ್ದು ಇಷ್ಟು ಅಗ್ಗವಾಗಿ ಮುಗಿಯಲಿಲ್ಲ.

ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಟ್ರ್ಯಾಕ್ಟರಿನ ಹೊಟ್ಟೆಯ ಮೇಲೆ ಇಲ್ಲಿ ಅಲ್ಲಿ ಇಟ್ಟು ಕೇಳುತ್ತ, ಅವರು ನಮಗೆ ಅಪ್ಪಣೆ ಕೊಡುತ್ತಿದ್ದರು. ಕ್ಲಚ್ ಒತ್ತಿ. ಎರಡು ಸದ್ದೂ ನಿಂತವು. ಒತ್ತಿದಾಗ ಸದ್ದು ಹುಟ್ಟಿದ್ದರೆ ಅದು ಕ್ಲಚ್ಚಿನ ಬೇರಿಂಗು. ಒತ್ತಿದಾಗ ಸಾಯುವುದು ಒಳಗಿನದು. ಬಿಡಿ. ಮತ್ತೆ ಬಂತು. ಪಿಟಿಓ ಲಿವರನ್ನು ತಪ್ಪಿಸಿ ಎಂದರು. ತಪ್ಪಿಸಿದರೆ ಹೈಡ್ರಾಲಿಕ್ ಪಂಪು ನಿಲ್ಲುತ್ತದೆ. ‘ಗುಂಯ್’ ನಿಂತಿತು, ‘ಕರಕರ’ ಉಳಿಯಿತು. ಹಾಗಾದರೆ ರೋಗ ಎರಡು. ಆಮೇಲೆ ಗದ್ದೆಯ ಬದುವಿನುದ್ದಕ್ಕೂ ಆರು ಗೇರುಗಳಲ್ಲಿಯೂ ಓಡಿಸಿದೆವು. ಹಲ್ಲು ಮುರಿದಿದ್ದರೆ ಆ ಒಂದು ಗೇರಿನಲ್ಲಿ ಮಾತ್ರ ‘ಟಕ್ ಟಕ್’ ಎಂದು ತಾಳ ಹಾಕಬೇಕು. ತಾಳವಿರಲಿಲ್ಲ. ಆರರಲ್ಲಿಯೂ ಒಂದೇ ‘ಕರಕರ’.

ಕೊನೆಗೆ ಕೆಳಗಿನ ತಿರುಪು ಬಿಚ್ಚಿ ಬಕೆಟ್ಟು ಹಿಡಿದೆವು. ಬಂದದ್ದು ಎಣ್ಣೆಯಲ್ಲ, ಕಾಫಿಗೆ ಹಾಲು ಹೆಚ್ಚಾದ ಬಣ್ಣದ ಗಂಜಿ. ಅದಕ್ಕೂ ಮೊದಲು ಒಂದು ಚೊಂಬಿನಷ್ಟು ಬರೀ ನೀರು. ಹಿರಿಯರು ತಳದ ಕೆಸರನ್ನು ಬೆರಳಿನಿಂದ ಉಜ್ಜಿ ಬಿಸಿಲಿಗೆ ಹಿಡಿದರು. ಬೆಳ್ಳಿ ಪುಡಿಯಂತೆ ನುಣ್ಣನೆಯ ಹೊಳಪು. “ಇದು ಬೇರಿಂಗಿನದು. ಗೇರ್ ತುರುಕಿದ್ದರೆ ಚೂರು ಚೂರು ಹಲ್ಲು ಬೀಳುತ್ತಿತ್ತು. ಒಂದೂ ಇಲ್ಲ. ನಿಮ್ಮ ಡ್ರೈವರು ಒಳ್ಳೆಯವನು.”

ನಾವು ಮಾತಾಡಲಿಲ್ಲ.

ನೀರು ಎಲ್ಲಿಂದ ಬಂತೆಂದು ಅವರು ಕೇಳಬೇಕಾಗಿಯೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಮಿಚೌಂಗ್ ಚಂಡಮಾರುತ ಬಂದು ಚೆನ್ನೈ ಮುಳುಗಿದ್ದು ಓದುಗರೆಲ್ಲರಿಗೂ ನೆನಪಿರುತ್ತದೆ. ನಾವು ಮೊದಲ ಮಹಡಿಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಹಾಲಿಗಾಗಿ ಪರದಾಡುತ್ತಿದ್ದ ಆ ದಿನಗಳಲ್ಲಿ ಪೊನ್ನೇರಿಯ ಶೆಡ್ಡಿನ ತಗಡು ಹಾರಿಹೋಗಿತ್ತು. ಗೇರ್ ಕಡ್ಡಿಯ ಬುಡದ ರಬ್ಬರ್ ಟೋಪಿ ಹರಿದು ವರ್ಷವಾಗಿತ್ತು. ಮಳೆಯೆಲ್ಲ ಅಲ್ಲಿಂದಲೇ ಒಳಕ್ಕೆ. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು, ಯಂತ್ರ ಸುಮ್ಮನಿದ್ದ ವಾರಗಳಲ್ಲಿ ಕೆಳಗಿನ ಶಾಫ್ಟಿನ ಬೇರಿಂಗನ್ನು ತುಕ್ಕು ಹಿಡಿಸಿತು. ಓಡಿಸಿದಾಗ ಕಡೆದು ಮಜ್ಜಿಗೆಯಾಗಿ ಪಂಪನ್ನು ಅಳಿಸಿತು. ಡ್ರೈವರು ಆಗಲೇ ಹೇಳಿದ್ದ: ಗೇರ್ ಆಯಿಲ್ ಪೂರಾ ಬದಲಾಯಿಸಬೇಕು ಸಾರ್. 30 ಲೀಟರಿನ ಬೆಲೆ ಕೇಳಿ, ಕೊಯ್ಲು ಮುಗಿಯಲಿ ನೋಡೋಣ ಎಂದವರು ನಾವು. ಆ ಎಣ್ಣೆಯಲ್ಲೇ ನವರೈ ಬೆಳೆಗೆ ಕೆಸರು ಕಲಸಿಸಿದವರೂ ನಾವೇ.

ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಿ ಬೇರಿಂಗು ಬದಲಾಯಿಸಲು ಬೇರೊಬ್ಬ ಮೇಸ್ತ್ರಿಗೆ ಐದು ದಿನ ಹಿಡಿಯಿತು. ತೆಗೆದ ಬೇರಿಂಗಿನ ಉರುಳೆಗಳ ಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳಿದ್ದವು. ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದು ಹಲ್ಲನ್ನೂ ನೋಡಿದೆವು. ನಲವತ್ತು ವರ್ಷದ ಹಲ್ಲು, ನಮ್ಮವಕ್ಕಿಂತ ಎಷ್ಟೋ ವಾಸಿ. ಎಲ್ಲ ಸೇರಿ ಮೊದಲಿನ ಅಂದಾಜಿನ ಮೂರರಲ್ಲೊಂದು ಭಾಗವೂ ಆಗಲಿಲ್ಲ.

ಡ್ರೈವರಿನ ಮನೆಗೆ ನಾವಿಬ್ಬರೂ ಒಟ್ಟಿಗೇ ಹೋದೆವು; ಒಬ್ಬರೇ ಹೋಗಲು ಇಬ್ಬರಿಗೂ ಧೈರ್ಯವಿರಲಿಲ್ಲ. ಅವನು ಆಗಲೇ ಬೇರೆಯವರ ಟ್ರ್ಯಾಕ್ಟರಿಗೆ ಸೇರಿದ್ದ. ಕೂರಿಸಿದ, ಹೆಂಡತಿ ಕಾಫಿ ತಂದುಕೊಟ್ಟಳು. ತಪ್ಪಾಯಿತು ಎಂಬ ಮಾತನ್ನು ನಮ್ಮ ಅರೆಬರೆ ತಮಿಳಿನಲ್ಲಿ ಹೇಳುವಾಗ ಅವನು ನೆಲ ನೋಡುತ್ತಿದ್ದ. ಆಮೇಲೆ ಕೇಳಿದ:

“ಪೆಟ್ಟಿಗೆ ಬಿಚ್ಚಿದಾಗ ಹಲ್ಲು ನೋಡಿದಿರಾ?”

“ನೋಡಿದೆವು. ಒಂದೂ ಮುಕ್ಕಾಗಿಲ್ಲ.”

ಅವನು ಹೆಂಡತಿಯ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ: “ಗೇರ್ ಕಡ್ಡಿಗೆ ರಬ್ಬರ್ ಹಾಕಿದಿರಾ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿರಿಯರು ಬರೆಸಿದ್ದ ಚೀಟಿಯ ಕೊನೆಯ ಸಾಲು ಅದು. ಅಲ್ಲಿ ಈಗಲೂ ಒಂದು ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿತ್ತು.

ಐಪ್ಪಸಿ ಮಳೆ ಬರುವುದರೊಳಗೆ ತಂದಿಡಿ, ಭಾನುವಾರಗಳಲ್ಲಿ ಬೇಕಾದರೆ ಬರುತ್ತೇನೆ ಎಂದ. ಮರುದಿನ ಜಿ.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ನಾವಿಬ್ಬರೂ ಅಲ್ಲಿ ನಿಂತಿದ್ದೆವು. ಒಂದು ಸಾಲದೆಂದು ಎರಡು ಕೊಂಡೆವು.