ಹಾಡಿದ ಬಾಯಿ, ಎತ್ತಿದ ಕೈ

ನಮ್ಮ ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಹೊಳಿ ಆಚೆ ಶಕ್ತಿನಗರದ ಚಿಮಣಿಗಳು ಕಾಣತಾವ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಅಂತ ಅದರ ಪೂರ್ತಿ ಹೆಸರು, ನಮ್ಮ ಮಂದಿ ಬಾಯಾಗ ಆರ್‌ಟಿಪಿಎಸ್. 1985ರಾಗ ಅದರ ಮೊದಲನೇ ಘಟಕ ಸುರುವಾದಾಗ ನಾನು ಮೀಸೆ ಚಿಗುರಿದ ಹುಡುಗ. ಈಗ ಎಂಟು ಘಟಕ, 1720 ಮೆಗಾವಾಟ್. ಇತ್ತ ಕೆಳಗ ಜುರಾಲದಾಗ ನಮ್ಮದೇ ಕೃಷ್ಣೆ ನೀರಿನಿಂದ 234 ಮೆಗಾವಾಟ್ ತೆಗೀತಾರ. ಒಂದು ಕಡೆ ಕಲ್ಲಿದ್ದಲು, ಒಂದು ಕಡೆ ನೀರು, ತಲೆ ಮ್ಯಾಲೆ ವರ್ಷಕ್ಕ ಒಂಬತ್ತು ತಿಂಗಳು ಸುಡೋ ಬಿಸಿಲು. ಕರೆಂಟು ಎಲ್ಲಿಂದ ಬರತದ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಕಣ್ಣ ಮುಂದೇ ಐತಿ.

ನಾನು ಓದಿದ್ದು ಏಳನೇ ತರಗತಿ. ಒಕ್ಕಲುತನ ನನ್ನ ಕಸುಬು. ಅದರ ಜೋಡಿ ತತ್ವಪದ, ಭಜನೆ ಪದ, ಮೊಹರಂದಾಗ ರಿವಾಯತ್ ಪದ ಹಾಡತೀನಿ. ನಮ್ಮ ಕೃಷ್ಣಾ ಮಂಡಲದ ಹಳ್ಳಿಗಳಾಗ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಹೀಗಾಗಿ ಎಲೆಕ್ಷನ್ ಬಂದರೆ ಕನ್ನಡ ಹಾಡಿಗೆ ಗಿರಾಕಿ ಹುಟ್ಟತಾರ. ಹಿಂದೊಂದು ಎಲೆಕ್ಷನ್‌ನಾಗ ಒಬ್ಬ ಅಭ್ಯರ್ಥಿಯ ಕಡೆಯವರು ಬಂದರು. ಅವರ ಹೆಸರು, ಪಕ್ಷ ಇಲ್ಲಿ ಬೇಡ. ಮೂರು ದಿನ ಜೀಪಿನಾಗ ಹಾಡಬೇಕು, ಆರು ಸಾವಿರ ಕೊಡತೀವಿ ಅಂದರು. ಭಾಷಣದ ಚೀಟಿ ಕೊಟ್ಟರು: ಕಂಬ ಮುಟ್ಟದ ಹೊಲಕ್ಕೆಲ್ಲಾ ಸೋಲಾರ್ ಪಂಪು, ಬಡವರ ಮನೆ ಮ್ಯಾಲೆ ಸೋಲಾರ್ ಹಲಗೆ. ನಾನು ಒಂದೇ ರಾತ್ರಿಯಾಗ ಪದ ಕಟ್ಟಿದೆ.

"ಸೂರ್ಯನ ಹೊಲಕ ಇಳಸತಾನ, ಮಸಿಯ ಮುಗಿಲು ತೊಳಸತಾನ" ಅಂತ ಅದರ ಪಲ್ಲವಿ. ದಮ್ಮಡಿ ಬಡಿದು ಎತ್ತಿದರೆ ಹುಡುಗರು ಕುಣಿದರು. ಅಭ್ಯರ್ಥಿ ಗೆದ್ದರು. ನನ್ನ ರೊಕ್ಕ ನನಗೆ ಮುಟ್ಟಿತು.

ಎರಡು ವರ್ಷ ಆದ ಮ್ಯಾಲೆ ನಮ್ಮ ಓಣಿಯ ಒಬ್ಬ ಅಕ್ಕ ನನ್ನನ್ನ ಬಾವಿ ಹತ್ತಿರ ನಿಲ್ಲಿಸಿದಳು. ಗಂಡ ಇಲ್ಲದಾಕಿ. ಎರಡೂವರೆ ಎಕರೆ, ಊರಿಂದ ದೂರ, ಅಲ್ಲಿಗೆ ಕರೆಂಟಿನ ಕಂಬ ಹೋಗಿಲ್ಲ. "ತಮ್ಮಾ, ಕಂಬಕ್ಕ ರೊಕ್ಕ ಕಟ್ಟಬೇಕಂತಿದ್ದೆ. ಸೋಲಾರ್ ಬರತದ ಅಂತ ನೀ ಹಾಡಿದಿ, ಬಿಟ್ಟೆ. ಎರಡು ವರ್ಷ ಇಂಜಿನ್ ಬಾಡಿಗೆ ಕೊಟ್ಟೆ. ಈ ಸಲ ಅದೂ ಆಗಲಿಲ್ಲ, ಹತ್ತಿ ಒಣಗಿತು. ಎಲ್ಲೈತಪಾ ನಿನ್ನ ಸೂರ್ಯ?" ಅಂದಳು. ಆಕಿ ಲೀಡರ್‌ಗೆ ಕೇಳಲಿಲ್ಲ, ನನಗೆ ಕೇಳಿದಳು. ಲೀಡರ್ ಮಾತು ಆಕಿಗೆ ಮುಟ್ಟಿದ್ದು ನನ್ನ ದನಿಯೊಳಗ.

ಆವತ್ತು ಸಂಜೆ ನಾನು ಈ ಓದುಮನೆಗೆ ಬಂದೆ. ಮಾಸ್ತರಿಗೆ ಕೇಳಿದೆ, "ಸರ್, ನಮ್ಮಾತ ಅಸೆಂಬ್ಲಿಯೊಳಗ ಸೋಲಾರ್ ಪರವಾಗಿ ಎಷ್ಟು ಸಲ ಕೈ ಎತ್ತಿದಾನ? ಲೆಕ್ಕ ಎಲ್ಲಿ ಸಿಗತದ?" ಮಾಸ್ತರು ನಕ್ಕರು. ನಮ್ಮ ಸಭೆಗಳಾಗ ಬಹಳ ಮಟ್ಟಿಗೆ ಧ್ವನಿಮತ. ಪರವಾಗಿದ್ದವರು ಹೌದು ಅನ್ನತಾರ, ವಿರೋಧ ಇದ್ದವರು ಇಲ್ಲ ಅನ್ನತಾರ, ಅಧ್ಯಕ್ಷರು ಕೇಳಿ ಪಾಸಾಯಿತು ಅನ್ನತಾರ. ಯಾರಾದರೂ ಹಠ ಹಿಡಿದು ಮತ ಎಣಿಸಿ ಅಂದರೆ ಮಾತ್ರ ಯಾರು ಎತ್ತ ಅಂತ ದಾಖಲಾಗತದ. ಅದರ ಮ್ಯಾಲೆ 1985ರ ಪಕ್ಷಾಂತರ ಕಾಯಿದೆ. ಪಕ್ಷ ವಿಪ್ ಕೊಟ್ಟಾಗ ಅದನ್ನ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. "ಹಂಗಾಗಿ ಒಬ್ಬೊಬ್ಬರ ಕೈ ಹುಡುಕಬ್ಯಾಡ್ರಿ, ಪಕ್ಷ ಏನು ಪಾಸು ಮಾಡಿತು, ರೊಕ್ಕ ಎತ್ತ ಹೋಯಿತು, ಅದನ್ನ ನೋಡ್ರಿ" ಅಂದರು. ಅವತ್ತಿಂದ ಇಬ್ಬರೂ ಹಳೇ ಪೇಪರ್ ತಿರುವಿ ಹಾಕಿದಿವಿ.

ಕೆ. ಚಂದ್ರಶೇಖರರಾವ್ ಅವರ ಸರ್ಕಾರದಾಗ ನಮ್ಮ ಪಾಲಮೂರು ಸೀಮೆಯ ಬಯಲಿನಾಗ ಸೋಲಾರ್ ಸಾಲುಗಳು ಎದ್ದಿದ್ದು ಖರೆ. ಅದೇ ಸರ್ಕಾರ 2015ರ ಜೂನ್‌ನಾಗ ನಲ್ಗೊಂಡ ಜಿಲ್ಲೆಯ ದಾಮರಚೆರ್ಲದಾಗ 4000 ಮೆಗಾವಾಟ್‌ನ ಕಲ್ಲಿದ್ದಲು ಕೇಂದ್ರಕ್ಕ ಅಡಿಗಲ್ಲು ಹಾಕಿತು. 2018ರ ಜನವರಿ 1ರಿಂದ ಪಂಪ್‌ಸೆಟ್ಟಿಗೆ 24 ತಾಸು ಪುಕ್ಕಟೆ ಕರೆಂಟು ಬಂತು. ನನ್ನ ಮೋಟ್ರಿಗೂ ಬಂತು, ಉಂಡ ಅನ್ನಕ್ಕ ಸುಳ್ಳು ಹೇಳಬಾರದು. 2022ರ ಸೆಪ್ಟೆಂಬರ್ 13ರಂದು ನಮ್ಮ ವಿಧಾನಸಭೆ ಕೇಂದ್ರದ ವಿದ್ಯುತ್ ತಿದ್ದುಪಡಿ ಮಸೂದೆ ಬ್ಯಾಡ ಅಂತ ನಿರ್ಣಯ ಮಾಡಿತು. ಮೋಟ್ರಿಗೆ ಮೀಟರ್ ಕೂಡಸತಾರ ಅನ್ನೋದು ದೊಡ್ಡ ಅಂಜಿಕೆ. ನಾನೂ ಭೇಷ್ ಅಂದಿದ್ದೆ. ಆದರೆ ಅದೇ ಮಸೂದೆಯೊಳಗ ಕರೆಂಟು ಕಂಪನಿಗಳು ಬಿಸಿಲು, ಗಾಳಿಯಂಥ ಮೂಲದ ಕರೆಂಟನ್ನ ಇಂತಿಷ್ಟು ಪಾಲು ಕೊಳ್ಳಲೇಬೇಕು, ತಪ್ಪಿದರೆ ದಂಡ ಅಂತಲೂ ಇತ್ತು ಅಂತ ಮಾಸ್ತರು ತೋರಿಸಿದರು. ಒಂದು ಸಲ ಬ್ಯಾಡ ಅಂದರೆ ಅದರಾಗ ಇದ್ದ ಬೇಕಾದ್ದೂ ಹೋಗತದ. ಇದನ್ನ ನಮಗ ಯಾವ ಜೀಪಿನವರೂ ಹೇಳಲಿಲ್ಲ.

2023ರ ಎಲೆಕ್ಷನ್ ನಿಮಗೂ ನೆನಪಿರಬೇಕು. ಮೂರು ಎಕರೆಗೆ ಮೂರು ತಾಸು ಸಾಕು ಅಂತ ರೇವಂತರೆಡ್ಡಿ ಅಂದರು ಅಂತ ಒಂದು ಗದ್ದಲ. ಡಿ.ಕೆ. ಶಿವಕುಮಾರ್ ತಾಂಡೂರಿಗೆ ಬಂದು ಕರ್ನಾಟಕದಾಗ ಐದು ತಾಸು ಕೊಡತೀವಿ ಅಂದಿದ್ದಕ್ಕ ಇನ್ನೊಂದು ಗದ್ದಲ. ಹೊಳಿ ಆ ದಂಡಿ ಎಷ್ಟು ತಾಸು, ಈ ದಂಡಿ ಎಷ್ಟು ತಾಸು ಅಂತ ನಮ್ಮ ಚಹಾದಂಗಡಿಯಾಗ ಜಗಳ ಹತ್ತಿತು. ಎಷ್ಟು ತಾಸು ಅಂತ ಎಲ್ಲರೂ ಕೇಳಿದಿವಿ. ಎಲ್ಲಿಂದ ತರತೀರಿ, ಸಾಲ ಯಾರ ತಲೆ ಮ್ಯಾಲೆ ಅಂತ ಯಾರೂ ಕೇಳಲಿಲ್ಲ. ಎಲೆಕ್ಷನ್ ಮುಗಿದು ಡಿಸೆಂಬರ್ 21ಕ್ಕೆ ಹೊಸ ಸರ್ಕಾರ ವಿಧಾನಸಭೆಯಾಗ ಶ್ವೇತಪತ್ರ ಇಟ್ಟಿತು. ಕರೆಂಟು ಸಂಸ್ಥೆಗಳ ಸಾಲ 81,516 ಕೋಟಿ ರೂಪಾಯಿ ಅಂತ.

ಆ ಹೊಸ ಸರ್ಕಾರ 2025ರ ಜನವರಿಯಾಗ ಶುದ್ಧ, ಹಸಿರು ಇಂಧನ ನೀತಿ ತಂದು 2030ರ ಒಳಗ 20,000 ಮೆಗಾವಾಟ್ ಕೂಡಿಸತೀವಿ ಅಂದಿತು. ಮೇ ತಿಂಗಳಾಗ ಅಮ್ರಾಬಾದ್ ಮಂಡಲದ ಮಾಚಾರಂದಾಗ ಆದಿವಾಸಿ ರೈತರಿಗೆ ಸೋಲಾರ್ ಪಂಪು ಕೊಡೋ ಯೋಜನೆ ಸುರು ಮಾಡಿತು. ಒಳ್ಳೇದೇ. ನವೆಂಬರ್‌ನಾಗ ಅದೇ ಸರ್ಕಾರದ ಸಂಪುಟ ರಾಮಗುಂಡಂದಾಗ ಕಲ್ಲಿದ್ದಲಿನ ಹೊಸ ಘಟಕಕ್ಕ ಮನಸ್ಸು ಮಾಡಿತು. ನಮ್ಮ ಮಕ್ತಲ್‌ನಾಗೂ ಅಂಥದ್ದು ಆಗತದೋ ಇಲ್ಲೋ ನೋಡೋಣ ಅನ್ನೋ ಮಾತೂ ಬಂತು. ನಾನು ಪೇಪರ್ ಮಡಚಿಟ್ಟು ಚಿಮಣಿ ಕಡೆ ನೋಡಿದೆ. ರಾತ್ರಿ ಬಿಸಿಲು ಇರೋದಿಲ್ಲ, ಕಲ್ಲಿದ್ದಲು ಒಂದೇ ದಿನಕ್ಕ ಬಿಡಾಕ ಆಗೋದಿಲ್ಲ ಅಂತ ಮಾಸ್ತರು ಅನ್ನತಾರ. ಇರಬಹುದು. ಹಂಗಾದರೆ ಅದನ್ನೇ ವೇದಿಕೆ ಮ್ಯಾಲೆ ಹೇಳಬೇಕಲ್ಲ? ಓಟಿನ ಮುಂದ ಬರೀ ಸೂರ್ಯ, ಓಟಿನ ಹಿಂದ ಕಲ್ಲಿದ್ದಲು ಅಂದರೆ ಅದು ಲೆಕ್ಕ ಅಲ್ಲ.

ಇಷ್ಟೆಲ್ಲಾ ಬರೆದ ಮ್ಯಾಲೆ ನನ್ನ ಲೆಕ್ಕವನ್ನೂ ಬರೀಬೇಕು. ಇದನ್ನ ಮುಚ್ಚಿಟ್ಟರೆ ಈ ಬರಹಕ್ಕ ಅರ್ಥ ಇಲ್ಲ. ನಾನು ಆ ಪದ ಹಾಡಿದ ಮರುವರ್ಷ ರೈತು ವೇದಿಕೆಯಾಗ ಒಂದು ಸಭೆ ಆಯಿತು. ಸೋಲಾರ್ ಪಂಪು ಯಾರಿಗೆ ಬೇಕು, ಸರ್ಕಾರ ಒಂದು ಪಾಲು, ನೀವು ಒಂದು ಪಾಲು, ಇಪ್ಪತ್ತು ಅರ್ಜಿಯಾದರೂ ಆದರೆ ಮ್ಯಾಲೆ ಕಳಿಸತೀವಿ ಅಂತ ಅಧಿಕಾರಿ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು, ಸೂರ್ಯನ ಪದ ಕಟ್ಟಿದಾಂವ ನಾನೇ ಅಲ್ಲ? ನಾನು ಏನಂದೆ ಗೊತ್ತೇನು? "ಪುಕ್ಕಟೆ ಕರೆಂಟು ಇರುವಾಗ ಕೈಯಿಂದ ರೊಕ್ಕ ಯಾಕ್ರಿ? ನಾಳೆ ಇರೋ ಕನೆಕ್ಷನ್ ಕಿತ್ತರೆ?" ಅಂದೆ. ಮಂದಿ ಎದ್ದು ಹೋದರು. ಅರ್ಜಿ ಬಂದದ್ದು ಮೂರು. ಮೂರನೇದು ಆ ಅಕ್ಕನದು.

ಬಾವಿ ಹತ್ತಿರ ಆಕಿ ಕೇಳಿದಾಗ ನನಗೆ ಇದು ನೆನಪಾಯಿತು, ಬಾಯಿ ಬಿಡಲಿಲ್ಲ. ಆರು ತಿಂಗಳ ಮ್ಯಾಲೆ ಆಕಿ ಮನೆಗೆ ಹೋಗಿ ಹೇಳಿದೆ. ಬೈತಾಳ ಅಂದುಕೊಂಡಿದ್ದೆ. "ನನಗ ಅವತ್ತೇ ಗೊತ್ತಿತ್ತು ತಮ್ಮಾ, ನಾ ಹಿಂದಿನ ಸಾಲಿನಾಗ ಕುಂತಿದ್ದೆ" ಅಂದಳು. ಅಷ್ಟೇ. ಚಹಾ ಕೊಟ್ಟಳು. ಕುಡಿಯೋದು ಕಷ್ಟ ಆಯಿತು.

ಲೀಡರ್ ಓಟಿನ ಮುಂದ ಒಂದು, ಓಟಿನ ಹಿಂದ ಒಂದು ಅಂತ ನಾವು ಬೈತೀವಿ. ಬೈಬೇಕು. ಆದರೆ ಅವರೂ ನಮ್ಮ ಕೈ ನೋಡತಾರ. ನಾವು ಸೂರ್ಯನ ಪದಕ್ಕ ಕುಣಿದು, ಅರ್ಜಿ ಕೊಡೋ ಹೊತ್ತಿಗೆ ಕೈ ಕಟ್ಟಿ ಕುಂತಿದ್ದು ಅವರಿಗೆ ಗೊತ್ತಾಗತದ.

ಕಳೆದ ಡಿಸೆಂಬರ್ ಪಂಚಾಯ್ತಿ ಎಲೆಕ್ಷನ್‌ಗೂ ಹಾಡಾಕ ಕರೆಯಾಕ ಬಂದಿದ್ದರು. ನಾನು ಒಂದು ನೋಟ್‌ಬುಕ್ ಮುಂದಿಟ್ಟೆ. ಏನು ಮಾಡತೀರಿ, ಯಾವಾಗ ಮಾಡತೀರಿ, ರೊಕ್ಕ ಎಲ್ಲಿಂದ, ಬರೆದು ಸಹಿ ಹಾಕ್ರಿ, ಹಾಡತೀನಿ, ವರ್ಷ ಆದ ಮ್ಯಾಲೆ ಅದೇ ಪದ ಅದೇ ಕಟ್ಟೆ ಮ್ಯಾಲೆ ಇನ್ನೊಮ್ಮೆ ಹಾಡತೀನಿ ಅಂದೆ. ಇಬ್ಬರು ಎದ್ದು ಹೋದರು, ಒಬ್ಬ ಹುಡುಗ ಬರೆದುಕೊಟ್ಟ. ಅವನು ಸೋತ.

ನೋಟ್‌ಬುಕ್ ಈಗ ಈ ಓದುಮನೆಯ ಕಪಾಟಿನಾಗ ಐತಿ. ಮೊದಲನೇ ಪುಟದಾಗ ನನ್ನ ಸೂರ್ಯನ ಪದ, ಅದರ ಕೆಳಗ ರೈತು ವೇದಿಕೆಯಾಗ ನಾನು ಆಡಿದ ಮಾತು, ನನ್ನ ಸಹಿ. ಯಾರು ಬೇಕಾದರೂ ತೆಗೆದು ಓದಬಹುದು.